ಬೆಳಚಿನ ಚಿಪ್ಪು, ಹೊಟ್ಟಿನ ಬೂದಿ, ಚಿರೆಕಲ್ಲು: ಇವುಗಳಿಂದ 1240 ಡಿಗ್ರಿಗೆ ಗ್ಲೇಜ್ ಆಗುತ್ತದೆಯೇ?

ಕಡಲಂಚು, ಕುಮಟಾ:

ಸ್ಟೋನ್‌ವೇರ್ (ಹೆಚ್ಚು ಶಾಖಕ್ಕೆ ಸುಟ್ಟ ಗಟ್ಟಿ ಮಣ್ಣಿನ) ಬಟ್ಟಲು, ತಟ್ಟೆಗಳಿಗೆ ನಮ್ಮ ಕರಾವಳಿಯಲ್ಲೇ ಸಿಗುವ ವಸ್ತುಗಳಿಂದ ಗ್ಲೇಜ್, ಅಂದರೆ ಸುಟ್ಟಾಗ ಗಾಜಾಗುವ ಲೇಪ, ಮಾಡುವ ಪ್ರಯತ್ನ ನಡೆದಿದೆ. ಕರೆಂಟ್ ಕಿಲ್ನ್ (ಪಾತ್ರೆ ಸುಡುವ ಗೂಡು), 1240 ಡಿಗ್ರಿ ತನಕ ಒಯ್ಯಬಹುದು. ಅದಕ್ಕೂ ಮೇಲೆ ಹೋದರೆ ಬಿಸಿ ಮಾಡುವ ಕಾಯಿಲ್ ಬೇಗ ಹೋಗುತ್ತದೆ. ಮಣ್ಣು ಹೊರಗಿನಿಂದ ತರಿಸಿದ್ದು, 1250ಕ್ಕೆ ಬೇಯುವಂಥದ್ದು. ಬಿಸ್ಕ್, ಅಂದರೆ ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ, 960ಕ್ಕೆ.

ಈಗಿನ ಮಿಶ್ರಣ ಹೀಗಿದೆ. ಬೆಳಚಿನ (ಅಳಿವೆಯಲ್ಲಿ ಸಿಗುವ ಮೃದ್ವಂಗಿಯ) ಚಿಪ್ಪನ್ನು ಬಿಸ್ಕ್ ಜೊತೆಗೇ ಕಿಲ್ನಿನಲ್ಲಿಟ್ಟು ಸುಟ್ಟು ಪುಡಿ ಮಾಡಿದ್ದು 1 ಲೋಟ, ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ 1 ಲೋಟ, ಚಿರೆಕಲ್ಲು (ಜಂಬಿಟ್ಟಿಗೆ) ಕುಟ್ಟಿದ ಪುಡಿ 1 ಲೋಟ. ನೀರು ಹಾಕಿ ಕದಡಿ, 60 ಮೆಶ್ (ಒಂದು ಇಂಚಿಗೆ 60 ಕಣ್ಣು) ಜರಡಿಯಲ್ಲಿ ಸೋಸಿ, ಅದ್ದಿ ತೆಗೆದದ್ದು.

ಬಕೆಟ್ಟಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಮೊಸರಿನ ಹಾಗೆ ಗಟ್ಟಿಯಾಗುತ್ತದೆ, ಮುಟ್ಟಿದರೆ ಬೆರಳು ಉರಿಯುತ್ತದೆ. ಸುಟ್ಟ ಮೇಲೆ ಹೊಳಪಿಲ್ಲ. ಒರಟು ಕಂದು ಪದರ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಕಿಲ್ನಿನಿಂದ ತೆಗೆದು ಕೆಲವು ದಿನವಾದ ಮೇಲೆ ಮೈಮೇಲೆ ಅಲ್ಲಲ್ಲಿ ಸಣ್ಣ ಚಕ್ಕೆ ಎದ್ದು ಬೀಳುತ್ತದೆ. ಪ್ರತಿ ಕುಳಿಯ ತಳದಲ್ಲೂ ಒಂದು ಬಿಳಿ ಚುಕ್ಕೆ.

ಅಳತೆ ಹೇಗಿರಬೇಕು? ಪೇಟೆಯ ಪುಡಿ ಸೇರಿಸದೆ ಇಷ್ಟರಲ್ಲೇ ಆಗುತ್ತದೆಯೇ? ಕಡಲಪಾಚಿ ಸುಟ್ಟ ಬೂದಿ, ಸಾಣಿಕಟ್ಟಾದ ಉಪ್ಪು ಇವನ್ನೂ ಸೇರಿಸಬಹುದೇ? ಮಾಡಿದ ಪಾತ್ರೆಯಲ್ಲಿ ಊಟ ಮಾಡುವುದು ಉದ್ದೇಶ. ನೋಡಿ ಇಡಲಿಕ್ಕಲ್ಲ.


ಬಚ್ಚಲೊಲೆ, ಶಿರಸಿ:

ನಿಮ್ಮ ವಸ್ತುಗಳಲ್ಲಿ ದೋಷವಿಲ್ಲ. ಲೋಟದಲ್ಲಿ ಅಳೆದದ್ದು, ಚಿಪ್ಪನ್ನು ಸುಟ್ಟ ರೀತಿ, ಈ ಎರಡರಿಂದಲೇ ನೀವು ಹೇಳಿದ ತೊಂದರೆಗಳೆಲ್ಲ ಹುಟ್ಟುತ್ತವೆ.

ಮೊದಲು ಚಿಪ್ಪು. ಹಸಿ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. 850 ಡಿಗ್ರಿ ದಾಟಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 960ರ ಬಿಸ್ಕ್‌ನಲ್ಲಿ ಇಟ್ಟಿದ್ದರಿಂದ ನಿಮ್ಮ ಬಕೆಟ್ಟಿಗೆ ಬಿದ್ದದ್ದು ಆ ಸುಣ್ಣ. ನೀರು ತಾಗಿದ ಕೂಡಲೇ ಅದು ಬಿಸಿಯೇರಿ ಅರಳುತ್ತದೆ, ಕೈ ಸುಡುತ್ತದೆ, ಉಳಿದ ಕಣಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಗಟ್ಟಿ ಮಾಡುತ್ತದೆ. ಆಗ ನೀರು ಜಾಸ್ತಿ ಹಾಕುತ್ತೀರಿ, ಪದರ ತೆಳುವಾಗುತ್ತದೆ. ಅದ್ದುವಾಗ ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸುಟ್ಟ ಸುಣ್ಣ ಕಣ್ಣಿಗೆ ಹಾರಿದರೆ ಮಾಮೂಲಿ ಉರಿಯಲ್ಲ ಅದು.

ಚಕ್ಕೆ ಏಳುವುದೂ ಇದೇ ಸುಣ್ಣದ ಕೆಲಸ. 60 ಮೆಶ್‌ನಲ್ಲಿ ದಾಟಿದ ದಪ್ಪ ಹರಳು ಗ್ಲೇಜಿನಲ್ಲಿ ಪೂರ್ತಿ ಕರಗದೆ ಉಳಿಯುತ್ತದೆ. ಆಮೇಲೆ ಗಾಳಿಯ ತೇವ ಎಳೆದುಕೊಂಡು ಉಬ್ಬಿ ಮೇಲಿನ ಪದರವನ್ನು ಎಬ್ಬಿಸುತ್ತದೆ. ನಮ್ಮ ಕಡೆಯ ಮಳೆಗಾಲದ ಗಾಳಿಗೆ ಇದು ಇನ್ನೂ ಬೇಗ. ಕುಳಿಯ ತಳದ ಬಿಳಿ ಚುಕ್ಕೆ ಅದೇ ಹರಳು. ಬಿಸ್ಕ್ ಪಾತ್ರೆಯ ಪಕ್ಕದಲ್ಲೇ ಚಿಪ್ಪು ಸುಟ್ಟಿದ್ದರೆ ಒಡೆದ ಚೂರು ಪಾತ್ರೆಯ ಒಳಗೂ ಬಿದ್ದಿರಬಹುದು. ಬಿಸ್ಕ್ ಆದ ಮೇಲೆ ಪ್ರತಿ ಪಾತ್ರೆಯನ್ನೂ ಒದ್ದೆ ಸ್ಪಂಜಿನಿಂದ ಒರೆಸಿ.

ಸರಿಯಾದ ಕ್ರಮ: ಚಿಪ್ಪನ್ನು ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಬದಲಿಸಿ ಎರಡು ಸಲ ತೊಳೆಯಿರಿ. ಉಪ್ಪು, ಮಾಂಸದ ಚೂರು ಎಲ್ಲ ಹೋಗಬೇಕು. ಒಣಗಿಸಿ, ಮುಚ್ಚಳವಿಲ್ಲದ ಬಿಸ್ಕ್ ಬಟ್ಟಲಿನಲ್ಲಿ ಹಾಕಿ 550 ಡಿಗ್ರಿಗೆ ಒಯ್ದು ಒಂದು ಗಂಟೆ ಹಿಡಿಯಿರಿ. ಚಿಪ್ಪನ್ನು ಗಟ್ಟಿಯಾಗಿ ಹಿಡಿದಿರುವ ಜೀವಾಂಶ ಸುಟ್ಟುಹೋಗುತ್ತದೆ, ಚಿಪ್ಪು ಬೂದು ಬಣ್ಣಕ್ಕೆ ತಿರುಗಿ ಬೆರಳಿನಲ್ಲೇ ಮುರಿಯುವಷ್ಟು ಪೆಡಸಾಗುತ್ತದೆ. ಆದರೆ ಸುಣ್ಣವಾಗುವುದಿಲ್ಲ. ಕಿಲ್ನ್ ಇರುವ ಕೋಣೆಯ ಬಾಗಿಲು, ಕಿಟಕಿ ತೆಗೆದಿಡಿ, ವಾಸನೆ ಜೋರು. ಆಮೇಲೆ ಕಲ್ಲಿನ ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ ಅರೆದು, 100 ಮೆಶ್‌ನಲ್ಲಿ ಸೋಸಿ. ದಾಟದೆ ಉಳಿದದ್ದನ್ನು ಮತ್ತೆ ಅರೆಯಿರಿ. ಒಣ ಪುಡಿಯನ್ನು ಜರಡಿ ಹಿಡಿಯುವ ಅಭ್ಯಾಸ ಬೇಡ, ಎಲ್ಲವೂ ನೀರಿನಲ್ಲೇ.

ಈಗಾಗಲೇ ಸುಟ್ಟ ಸುಣ್ಣ ದಂಡವಲ್ಲ. ಜಾಸ್ತಿ ನೀರಿನಲ್ಲಿ ಅರಳಿಸಿ, 100 ಮೆಶ್‌ನಲ್ಲಿ ಸೋಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಕೆಲವು ವಾರ ಗಾಳಿಗೆ ಬಿಡಿ. ನಡುನಡುವೆ ನೀರು ಚಿಮುಕಿಸಿ ತಿರುವುತ್ತಿರಿ. ನಿಧಾನವಾಗಿ ಮತ್ತೆ ಕಾರ್ಬೊನೇಟ್ ಆಗುತ್ತದೆ. ಹೀಗೆ ಆದ ಪುಡಿ ಒರಳಿನಲ್ಲಿ ಅರೆದದ್ದಕ್ಕಿಂತ ಎಷ್ಟೋ ನುಣುಪು.

ತೂಕದ ಲೆಕ್ಕ ನೆನಪಿಡಿ. 100 ಗ್ರಾಂ ಚಿಪ್ಪು ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ, ಅದು ಅರಳಿದರೆ 74 ಗ್ರಾಂ. ಅಂಗಡಿಯಿಂದ ಚಿಪ್ಪಿ ಸುಣ್ಣ ತಂದರೆ ಅದು ಎಷ್ಟು ಅರಳಿದೆ, ಎಷ್ಟು ಗಾಳಿಗೆ ಕಾರ್ಬೊನೇಟ್ ಆಗಿದೆ ನೋಡಿದರೆ ತಿಳಿಯುವುದಿಲ್ಲ. ಚೆನ್ನಾಗಿ ಒಣಗಿಸಿ 100 ಗ್ರಾಂ ತೂಗಿ, ಬಟ್ಟಲಿನಲ್ಲಿ 1000 ಡಿಗ್ರಿಗೆ ಸುಟ್ಟು, ಬಿಸಿ ಆರುತ್ತಿದ್ದಂತೆ ತೂಗಿ. 56 ಉಳಿದರೆ ಪೂರ್ತಿ ಕಾರ್ಬೊನೇಟ್, 76ರ ಹತ್ತಿರ ಉಳಿದರೆ ಅರಳಿದ ಸುಣ್ಣ, ನಡುವೆ ಬಂದರೆ ಎರಡರ ಮಿಶ್ರಣ. ಉಳಿದ ತೂಕವೇ ನಿಜವಾದ ಸುಣ್ಣದಂಶ, ಅದನ್ನು ಹಿಡಿದು ರೆಸಿಪಿ ಹೊಂದಿಸಿ.

ಇನ್ನು ಒರಟು ಪದರದ ವಿಷಯ. ಗ್ಲೇಜ್ ಅಂದರೆ ಗಾಜು. ಗಾಜಾಗಲಿಕ್ಕೆ ಸಿಲಿಕಾ ಬೇಕು, ಅದನ್ನು ಕರಗಿಸಲಿಕ್ಕೆ ಸುಣ್ಣವೋ ಕ್ಷಾರವೋ ಬೇಕು, ಕರಗಿದ್ದು ಹರಿದು ಹೋಗದಂತೆ ಹಿಡಿಯಲಿಕ್ಕೆ ಅಲ್ಯುಮಿನಾ ಬೇಕು. ಹೊಟ್ಟಿನ ಬೂದಿಯಲ್ಲಿ ಶೇ. 90ರ ಆಸುಪಾಸು ಸಿಲಿಕಾ ಇದೆ, ಆದರೆ ಅದು ತೀರಾ ಹಗುರ. ಲೋಟದ ಲೆಕ್ಕದಲ್ಲಿ ನಿಮಗೆ ಬಂದ ಸಿಲಿಕಾ ನೀವು ಅಂದುಕೊಂಡದ್ದರ ಒಂದು ಸಣ್ಣ ಪಾಲು. ಚಿರೆಕಲ್ಲು ತಂದದ್ದು ಕಬ್ಬಿಣ ಮತ್ತು ಅಲ್ಯುಮಿನಾ. ಅದರಲ್ಲಿ ಸಿಲಿಕಾ ಕಡಿಮೆ, ಕರಗಿಸುವ ಅಂಶವಂತೂ ಇಲ್ಲವೇ ಇಲ್ಲ ಎನ್ನಬಹುದು. ಅಂದರೆ ಸುಣ್ಣ, ಕಬ್ಬಿಣ, ಅಲ್ಯುಮಿನಾ ಧಾರಾಳ, ಗಾಜು ಕಟ್ಟುವುದು ಮಾತ್ರ ಇಲ್ಲ. ಅದು ಪುಡಿಯಾಗದೆ ಇನ್ನೇನಾಗಬೇಕು? 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೂ ಸಾಕು, ತೂಗಿಯೇ ಹಾಕಿ.

ಅಲ್ಯುಮಿನಾಕ್ಕೆ ಚಿರೆಕಲ್ಲಿನ ಬದಲು ಶೇಡಿ ಹಾಕಿ. ಗೋಡೆಗೆ ಬಳಿಯುವ, ಚಿತ್ತಾರ ಬರೆಯುವ ಅದೇ ಬಿಳಿ ಮಣ್ಣು. ಚಿರೆಕಲ್ಲಿನ ಪದರದ ಕೆಳಗೆ ಸಿಗುವ ಬಿಳಿ ಮಣ್ಣು ಸಾಮಾನ್ಯವಾಗಿ ಚೀನೀ ಮಣ್ಣಿನ ಜಾತಿಯದ್ದು. ಆದರೆ ಬಿಳಿಯಾದದ್ದೆಲ್ಲ ಶೇಡಿಯಲ್ಲ. ಒಂದು ಚಿಟಿಕೆಗೆ ವಿನೆಗರ್ ಹಾಕಿ, ನೊರೆ ಎದ್ದರೆ ಅದರಲ್ಲಿ ಸುಣ್ಣ ಬೆರೆತಿದೆ. ಅಡಿಕೆ ಗಾತ್ರದ ಉಂಡೆ ಮಾಡಿ 1240ಕ್ಕೆ ಸುಡಿ. ಬಿಳಿಯಾಗಿಯೋ ಕೆನೆಬಣ್ಣದಲ್ಲೋ, ಆಕಾರ ಕೆಡದೆ, ನಾಲಗೆಗೆ ಇನ್ನೂ ಅಂಟುವಂತಿದ್ದರೆ ಒಳ್ಳೆಯ ಶೇಡಿ.

ಹೊಟ್ಟಿನ ಬೂದಿ ಕಪ್ಪಾಗಿದ್ದರೆ ಇದ್ದಲು ಉಳಿದಿದೆ ಅಂತ. ಅಗಲ ಬಟ್ಟಲಿನಲ್ಲಿ ತೆಳ್ಳಗೆ ಹರಡಿ, ಗಾಳಿ ಆಡುವಂತೆ ಬಿಟ್ಟು, 650–700ಕ್ಕೆ ಇನ್ನೊಮ್ಮೆ ಸುಡಿ, ಬಿಳಿ ಬೂದು ಬಣ್ಣಕ್ಕೆ ಬರಬೇಕು. ಇದನ್ನು ಮುಟ್ಟುವಾಗೆಲ್ಲ ಎನ್-95 ಮಾಸ್ಕ್ ಹಾಕಿ. ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ.

ರೆಸಿಪಿ. ಪೂರ್ತಿ ಊರಿನದೇ ಆಗಬೇಕೆಂದರೆ: ಚಿಪ್ಪಿನ ಪುಡಿ 34, ಶೇಡಿ 30, ಹೊಟ್ಟಿನ ಬೂದಿ 36, ಎಲ್ಲ ತೂಕದಲ್ಲಿ. ಈ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಸುಣ್ಣ, ಅಲ್ಯುಮಿನಾ, ಸಿಲಿಕಾ ಮೂರೇ ಸೇರಿ ಅತಿ ಕಡಿಮೆ ಶಾಖಕ್ಕೆ ಕರಗುವ ಪ್ರಮಾಣ 23:15:62, ಅದು ಕರಗುವುದು 1170 ಡಿಗ್ರಿಗೆ. ಮೇಲಿನ ತೂಕ ಸುಟ್ಟ ಮೇಲೆ ಆ ಪ್ರಮಾಣಕ್ಕೆ ಬಂದು ನಿಲ್ಲುತ್ತದೆ. ಹಾಗಂತ ಕಿಲ್ನಿನಲ್ಲಿ 1170ಕ್ಕೆ ಹೊಳಪು ಬರುವುದಿಲ್ಲ. ಒರಳಿನಲ್ಲಿ ಅರೆದ ಕಣ ಒಂದರೊಳಗೊಂದು ಕರಗಲು ಇನ್ನೂ ಶಾಖ, ಹೊತ್ತು ಎರಡೂ ಬೇಕು. ಇದಕ್ಕೆ 1260–1280 ಬೇಕಾಗುತ್ತದೆ. ನಿಮ್ಮ 1240ಕ್ಕೆ ಮಂಕಾಗಿ ಉಳಿಯುವ ಸಂಭವವೇ ಹೆಚ್ಚು.

ಹಾಗಾಗಿ ನಿಮ್ಮ ಕಿಲ್ನಿಗೆ ಇದು: ಪೊಟ್ಯಾಶ್ ಫೆಲ್ಡ್‌ಸ್ಪಾರ್ 40, ಚಿಪ್ಪಿನ ಪುಡಿ 22, ಹೊಟ್ಟಿನ ಬೂದಿ 25, ಶೇಡಿ 13. ಫೆಲ್ಡ್‌ಸ್ಪಾರ್ ಪೇಟೆಯಿಂದ ತರಬೇಕು, ಆದರೆ ಅದೂ ಕಲ್ಲಿನ ಪುಡಿಯೇ. ಚಿಪ್ಪಿನ ಪುಡಿಯ ಬದಲು ಅರಳಿದ ಸುಣ್ಣ ಹಾಕುವುದಾದರೆ 22ರ ಜಾಗದಲ್ಲಿ 16. 1240ರಲ್ಲಿ 30 ನಿಮಿಷ ಹಿಡಿಯಿರಿ. ಗಂಟೆಗೆ 60 ಡಿಗ್ರಿಯಂತೆ ಏರಿಸಿದರೆ 1240 ಅಂದರೆ ಕೋನ್ 7 (ಕೋನ್ ಎಂದರೆ ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಕಡ್ಡಿ). ಮೀಟರ್ ನಂಬುವುದರ ಜೊತೆಗೆ ಒಂದು ಕೋನ್ ಇಟ್ಟು ನೋಡಿ. ಮೀಟರಿನ ತಂತಿ ಹಳತಾದಂತೆ 20 ಡಿಗ್ರಿ ಆಚೀಚೆ ತೋರಿಸುವುದು ಸಾಮಾನ್ಯ.

ಬಣ್ಣಕ್ಕೆ ಈ 100ರ ಮೇಲೆ ಚಿರೆಕಲ್ಲಿನ ಪುಡಿ 6ರಿಂದ 8, ಶೇಡಿಯನ್ನು 13ರಿಂದ 10ಕ್ಕೆ ಇಳಿಸಿ. ಜೇನಿನ ಬಣ್ಣ ಬರುತ್ತದೆ. ಚಿರೆಕಲ್ಲಿನ ಕಬ್ಬಿಣ ಗಣಿಯಿಂದ ಗಣಿಗೆ, ಒಂದೇ ಕಲ್ಲಿನ ಕೆಂಪು ಭಾಗದಿಂದ ಹಳದಿ ಭಾಗಕ್ಕೆ ಬದಲಾಗುತ್ತದೆ, ಆದ್ದರಿಂದ ಒಮ್ಮೆಲೇ ಐದಾರು ಕೆಜಿ ಕುಟ್ಟಿ ಬೆರೆಸಿಟ್ಟುಕೊಳ್ಳಿ. ಒಂದು ಸಲಹೆ: ಚಿರೆಕಲ್ಲಿಗಿಂತ ಹಳೇ ಮಂಗಳೂರು ಹಂಚಿನ ಪುಡಿ ಸುಲಭ. ಈಗಾಗಲೇ ಸುಟ್ಟದ್ದು, ಗ್ಲೇಜ್ ಒಣಗುವಾಗ ಕುಗ್ಗುವುದಿಲ್ಲ, ಸಿಲಿಕಾವನ್ನೂ ಜೊತೆಗೆ ತರುತ್ತದೆ. ಪಾಚಿ ಕೆರೆದು ತೊಳೆದು ಕುಟ್ಟಿ 100 ಮೆಶ್ ಮಾಡಿದರೆ 15–20ರ ತನಕ ಹಾಕಬಹುದು.


ಕಾಳಿಸಂಗಮ, ಕಾರವಾರ:

ಸಮುದ್ರದ ಭಾಗಕ್ಕೆ ನನ್ನ ಉತ್ತರ.

ಉಪ್ಪು: ಕರೆಂಟ್ ಕಿಲ್ನಿನಲ್ಲಿ ಬೇಡವೇ ಬೇಡ. ಉಪ್ಪಿನ ಗ್ಲೇಜ್ ಅನ್ನುವುದು 1200 ದಾಟಿದ ಮೇಲೆ ಕಟ್ಟಿಗೆ ಅಥವಾ ಗ್ಯಾಸ್ ಭಟ್ಟಿಯೊಳಗೆ ಉಪ್ಪು ಎಸೆದು, ಅದರ ಆವಿಯ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ ಪಾತ್ರೆಯ ಮೈಮೇಲೆ ಗಾಜಾಗುವ ವಿಧಾನ. ಜೊತೆಗೆ ಹೈಡ್ರೋಕ್ಲೋರಿಕ್ ಆಸಿಡ್ ಆವಿ ಹೊರಡುತ್ತದೆ. ಕಾಯಿಲ್ ಒಂದೆರಡು ಸುಡುವಿಕೆಗೆ ಮುಗಿಯುತ್ತದೆ, ಇಟ್ಟಿಗೆಗೆ ಹತ್ತಿದ ಸೋಡಿಯಂ ಮುಂದಿನ ಪ್ರತಿ ಸುಡುವಿಕೆಯಲ್ಲೂ ಬಿಡುಗಡೆಯಾಗುತ್ತಿರುತ್ತದೆ, ಉಸಿರಿಗೂ ಅಪಾಯ. ಗ್ಲೇಜ್ ಬಕೆಟ್ಟಿಗೆ ಉಪ್ಪು ಹಾಕುವುದೂ ವ್ಯರ್ಥ. ನೀರಿನಲ್ಲಿ ಕರಗಿ ಬಿಸ್ಕ್‌ನೊಳಗೆ ಇಳಿಯುತ್ತದೆ, ಒಣಗುವಾಗ ಅಂಚಿಗೆ ಬಂದು ಹರಳು ಕಟ್ಟುತ್ತದೆ.

ಕಡಲಪಾಚಿ: ಮಳೆಗಾಲ ಮುಗಿದ ಮೇಲೆ ದಡಕ್ಕೆ ಬಂದು ಬಿದ್ದಿರುವ ಕಂದು ಪಾಚಿ ಸಾಕು, ಇಳಿತದಲ್ಲಿ ಬಂಡೆಯಿಂದ ಕಿತ್ತು ತರಬೇಡಿ. ಒಣಗಿಸಿ ಸುಟ್ಟರೆ ಒಣ ತೂಕದ ಕಾಲು ಭಾಗದಷ್ಟು ಬೂದಿ ಸಿಗುತ್ತದೆ, ಕಟ್ಟಿಗೆಗೆ ಹೋಲಿಸಿದರೆ ತುಂಬ ಜಾಸ್ತಿ. ಆದರೆ ಅದರ ದೊಡ್ಡ ಪಾಲು ನೀರಿನಲ್ಲಿ ಕರಗುವ ಪೊಟ್ಯಾಸಿಯಂ, ಸೋಡಿಯಂ ಕ್ಲೋರೈಡ್ ಮತ್ತು ಸಲ್ಫೇಟ್. ತೊಳೆಯದೆ ಹಾಕಿದರೆ ಉಪ್ಪಿನ ತೊಂದರೆಗಳೇ ಮತ್ತೆ. ತೊಳೆದರೆ ಕರಗಿಸುವ ಕ್ಷಾರ ನೀರಿನ ಜೊತೆ ಹೋಗಿಬಿಡುತ್ತದೆ, ಉಳಿಯುವುದು ಮುಖ್ಯವಾಗಿ ಸುಣ್ಣ ಮತ್ತು ಮೆಗ್ನೀಷಿಯಾ. ಅದೇನೂ ಕೆಟ್ಟದ್ದಲ್ಲ. ನಾಲ್ಕೈದು ನೀರು ಬದಲಿಸಿ ತೊಳೆದ ಬೂದಿಯನ್ನು ಚಿಪ್ಪಿನ ಪುಡಿಯ ಅರ್ಧಕ್ಕೆ ಬದಲಾಗಿ ಹಾಕಬಹುದು, ಮೆಗ್ನೀಷಿಯಾದಿಂದ ಬೆಣ್ಣೆಯಂಥ ನಯ ಬರುತ್ತದೆ. ಸಮುದ್ರದ ನೀಲಿ ಬರುತ್ತದೆ ಎಂಬ ಆಸೆಯಿದ್ದರೆ ಅದು ಪಾಚಿಯಿಂದ ಸಾಧ್ಯವಿಲ್ಲ. ಕರೆಂಟ್ ಕಿಲ್ನಿನಲ್ಲಿ ಗಾಳಿ ಸದಾ ಇರುವುದರಿಂದ ಕಬ್ಬಿಣ ಹಸಿರು-ನೀಲಿ ಕೊಡುವುದಿಲ್ಲ, ಹಳದಿ-ಕಂದೇ ಕೊಡುತ್ತದೆ. ಆ ತಿಳಿ ಹಸಿರು ಬೇಕೆಂದರೆ ಹೊಗೆಯಾಡಿಸಿ ಗಾಳಿ ತಡೆಯುವ ಗ್ಯಾಸ್ ಅಥವಾ ಕಟ್ಟಿಗೆ ಭಟ್ಟಿಯೇ ಬೇಕು.

ಉಪ್ಪು, ಪಾಚಿಯನ್ನು ಬಳಸಲೇಬೇಕೆಂದಿದ್ದರೆ ಗುಂಡಿ ಸುಡುವಿಕೆಯಲ್ಲಿ ಬಳಸಿ. ಬಿಸ್ಕ್ ಪಾತ್ರೆಗೆ ಪಾಚಿಯನ್ನೂ ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದ ತೆಂಗಿನ ನಾರನ್ನೂ ಸುತ್ತಿ, ಮರದ ಹೊಟ್ಟಿನಲ್ಲಿ ಹೂತು, ಮೇಲೆ ಕಟ್ಟಿಗೆ ಪೇರಿಸಿ ಸುಟ್ಟರೆ ಕಿತ್ತಳೆ, ಕಪ್ಪು ಗುರುತುಗಳು ಮೂಡುತ್ತವೆ. ಗಾಳಿ ಬರುವ ದಿಕ್ಕಿನಲ್ಲಿ ನಿಂತುಕೊಳ್ಳಿ, ಹೊಗೆಯ ದಿಕ್ಕಿನಲ್ಲಿ ಅಲ್ಲ. ಇದು ಗ್ಲೇಜ್ ಅಲ್ಲ, ನೀರು ಹಿಡಿಯುವುದಿಲ್ಲ, ಊಟಕ್ಕಾಗದು.

ಯಾರಾದರೂ ದಡದ ಮರಳನ್ನು ಸಿಲಿಕಾ ಅಂತ ಹಾಕಲು ಹೇಳಿಯಾರು. ಅದರಲ್ಲಿ ಚಿಪ್ಪಿನ ಚೂರು, ಉಪ್ಪು, ಕಪ್ಪು ಖನಿಜದ ಕಣ ಎಲ್ಲ ಬೆರೆತಿರುತ್ತದೆ, ಸ್ಫಟಿಕದ ಕಾಳನ್ನು ಕೈಯಲ್ಲಿ ಅರೆದು ನುಣ್ಣಗೆ ಮಾಡಲಾಗದು, ಅದರ ಧೂಳು ಹೊಟ್ಟಿನ ಬೂದಿಗಿಂತ ಅಪಾಯ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಮರಳು ತೆಗೆಯುವುದಕ್ಕೆ ನಿರ್ಬಂಧವೂ ಇದೆ.

ಚಿಪ್ಪಿನ ಬಗ್ಗೆಯೂ ಒಂದು ಮಾತು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ. ಬೆಳಚು ಹೆಕ್ಕಿ ಬದುಕುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ನದಿಯ ತಳದಿಂದ ಅಗೆದು ತೆಗೆದ ಚಿಪ್ಪು ಕೊಳ್ಳುವ ಅಗತ್ಯವೇ ಇಲ್ಲ. 1 ಕೆಜಿ ಒಣ ಗ್ಲೇಜಿಗೆ 220 ಗ್ರಾಂ ಚಿಪ್ಪು ಸಾಕು, ಒಂದು ಊಟದಲ್ಲಿ ಮಿಕ್ಕುವಷ್ಟು. ಕಾಳಿ ನದಿಯ ಕಲ್ಗದ (ಆಯ್ಸ್ಟರ್) ಚಿಪ್ಪೂ ಆಗುತ್ತದೆ, ಆದರೆ ಅದರ ಪದರಗಳ ನಡುವೆ ಕೆಸರು ಸಿಕ್ಕಿರುತ್ತದೆ, ಒಡೆದು ತೊಳೆಯಬೇಕು.


ಕಡಲಂಚು, ಕುಮಟಾ:

ಇಬ್ಬರಿಗೂ ಧನ್ಯವಾದ. ಚಕ್ಕೆ ಏಳುವುದರ ಕಾರಣ ಈಗ ಸ್ಪಷ್ಟವಾಯಿತು. ಮೂರು ಪ್ರಶ್ನೆ ಉಳಿದಿವೆ. ಫೆಲ್ಡ್‌ಸ್ಪಾರ್ ಬದಲು ಗ್ರಾನೈಟ್ ಪಾಲಿಶ್ ಮಾಡುವಲ್ಲಿನ ಕೆಸರು ಹಾಕಬಹುದೇ, ಅದು ಬೇಕಾದಷ್ಟು ಸಿಗುತ್ತದೆ. ಬಚ್ಚಲೊಲೆಯ ಬೂದಿ ಉಪಯೋಗಕ್ಕೆ ಬರುತ್ತದೆಯೇ? ಇದೇ ಗ್ಲೇಜನ್ನು ಊರಿನ ಕುಂಬಾರರ ಕೆಂಪು ಮಡಕೆಗೆ ಹಚ್ಚಬಹುದೇ?


ಬಚ್ಚಲೊಲೆ, ಶಿರಸಿ:

ಗ್ರಾನೈಟ್ ಒಳ್ಳೆಯ ವಸ್ತು, ಆದರೆ ಪಾಲಿಶ್ ಕೆಸರು ಬೇಡ. ಅದರಲ್ಲಿ ಉಜ್ಜುಕಲ್ಲಿನ ಸಿಲಿಕಾನ್ ಕಾರ್ಬೈಡ್ ಇರುತ್ತದೆ. ಅದು ಕರಗಿದ ಗ್ಲೇಜಿನೊಳಗೆ ಅನಿಲ ಬಿಡುತ್ತದೆ, ಮೈಯೆಲ್ಲ ಗುಳ್ಳೆ, ಕುಳಿ. ವಜ್ರದ ಬ್ಲೇಡಿನಲ್ಲಿ ನೀರು ಬಿಟ್ಟು ಕಲ್ಲು ಕೊಯ್ಯುವ ಕಡೆಯ ಕೆಸರು ಆದೀತು. ಒಂದೇ ಬಣ್ಣದ ಕಲ್ಲಿನ ಕೆಸರು ಕೇಳಿ ತನ್ನಿ, ಒಣಗಿಸಿ, ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆಯಿರಿ. ಫೆಲ್ಡ್‌ಸ್ಪಾರ್ 40ರ ಜಾಗಕ್ಕೆ ಗ್ರಾನೈಟ್ 48, ಹೊಟ್ಟಿನ ಬೂದಿ 25ರಿಂದ 15ಕ್ಕೆ ಇಳಿಸಿ. ಗ್ರಾನೈಟಿನಲ್ಲಿ ಸ್ಫಟಿಕ ಮೊದಲೇ ಇದೆ. ಚಿಪ್ಪನ್ನು 24ಕ್ಕೆ ಏರಿಸಿ, ಶೇಡಿ 13 ಹಾಗೇ ಇರಲಿ. ಕಬ್ಬಿಣ ಇರುವುದರಿಂದ ಬಿಳಿ ಬರುವುದಿಲ್ಲ, ಮಾಸಲು ಕೆನೆ ಅಥವಾ ತಿಳಿ ಕಂದು ಬರುತ್ತದೆ.

ಬಚ್ಚಲೊಲೆ ಬೂದಿಗಿಂತ ಅಡಿಕೆ ಬೇಯಿಸುವ ಒಲೆಯ ಬೂದಿ ಮೇಲು. ಕಾರಣ: ಬಚ್ಚಲೊಲೆಗೆ ತೆಂಗಿನ ಸಿಪ್ಪೆ, ಸೋಗೆ, ಹಾಳೆ, ರದ್ದಿ ಕಾಗದ, ಒಲೆ ಹೊತ್ತಿಸುವಾಗ ಪ್ಲಾಸ್ಟಿಕ್ ಕೊಟ್ಟೆ ಎಲ್ಲವೂ ಹೋಗುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಸಿಯಂ ವಿಪರೀತ, ಅದರಿಂದ ಗ್ಲೇಜ್ ಓಡುತ್ತದೆ, ಆರಿದ ಮೇಲೆ ಬಲೆಬಲೆಯಾಗಿ ಸೀಳುತ್ತದೆ. ಅಡಿಕೆ ಒಲೆಗೆ ಸೀಸನ್ ಪೂರ್ತಿ ದಪ್ಪ ಕಟ್ಟಿಗೆಯೇ ಉರಿಯುವುದರಿಂದ ಬೂದಿ ಒಂದೇ ತೆರನಾಗಿರುತ್ತದೆ, ಸುಣ್ಣದಂಶ ಜಾಸ್ತಿ. ಕರಾವಳಿಯಲ್ಲಾದರೆ ಬರೀ ಗಾಳಿಮರದ ಕಟ್ಟಿಗೆ ಉರಿಸುವ ಹೋಟೆಲಿನ ಒಲೆ ಹುಡುಕಿ.

ಸಂಸ್ಕರಣೆ ಹೀಗೆ. ಅಡುಗೆ ಜರಡಿಯಲ್ಲಿ ಇದ್ದಲು, ಮೊಳೆ, ಕಲ್ಲು ತೆಗೆದು ದೊಡ್ಡ ಡ್ರಮ್ಮಿನಲ್ಲಿ ನೀರು ಹುಯ್ದು ಕದಡಿ. ತೇಲುವ ಇದ್ದಲನ್ನು ಚೆಲ್ಲಿ. ರಾತ್ರಿ ಬಿಟ್ಟರೆ ಮೇಲೆ ಹಳದಿ ಬಣ್ಣದ, ಮುಟ್ಟಿದರೆ ಜಾರುವ ನೀರು ನಿಲ್ಲುತ್ತದೆ. ಅದು ಕ್ಷಾರ, ಬರಿಗೈ ಹಾಕಬೇಡಿ. ಅದನ್ನು ಬಸಿದು ಮತ್ತೆ ನೀರು ಹುಯ್ಯಿರಿ. ಎರಡು ಮೂರು ಸಲ ಸಾಕು. ನೀರು ಪೂರ್ತಿ ತಿಳಿಯಾಗುವ ತನಕ ತೊಳೆದರೆ ಬೂದಿಯ ಗುಣವೇ ಹೋಗುತ್ತದೆ. ಆಮೇಲೆ 80 ಮೆಶ್‌ನಲ್ಲಿ ಸೋಸಿ ಒಣಗಿಸಿ. ವರ್ಷಕ್ಕೆ ಸಾಲುವಷ್ಟನ್ನು ಒಂದೇ ಸಲ ಮಾಡಿ ಚೆನ್ನಾಗಿ ಬೆರೆಸಿಡಿ. ಮುಂದಿನ ಸೀಸನ್ನಿನ ಬೂದಿ ಬೇರೆ ವಸ್ತು ಅಂತಲೇ ತಿಳಿದು ಮತ್ತೆ ಪರೀಕ್ಷೆ ಮಾಡಬೇಕು.

ಬೂದಿ ಗ್ಲೇಜಿಗೆ ಆರಂಭದ ಅಳತೆ: ಬೂದಿ 40, ಫೆಲ್ಡ್‌ಸ್ಪಾರ್ 40, ಶೇಡಿ 20. ಇದೂ 1270ರ ಕಡೆಗೆ ಚೆನ್ನ, 1240ಕ್ಕೆ ಶೇಡಿಯನ್ನು 14ಕ್ಕೆ ತಂದು ನೋಡಿ. ಬೂದಿ ಗ್ಲೇಜ್ ಹರಿಯುವ ಸ್ವಭಾವದ್ದು, ಪಾತ್ರೆಯ ತಳದಿಂದ 1 ಸೆಂ.ಮೀ. ಖಾಲಿ ಬಿಡಿ, ಕೆಳಗೆ ಬಿಸ್ಕ್ ತಟ್ಟೆ ಇಡಿ. ಇಲ್ಲದಿದ್ದರೆ ಶೆಲ್ಫ್ ಹೋದ ಹಾಗೆ.

ಪರೀಕ್ಷೆಗೆ ಚಪ್ಪಟೆ ಬಿಲ್ಲೆ ಬೇಡ, ನೆಟ್ಟಗೆ ನಿಲ್ಲುವ ಬಿಲ್ಲೆ ಮಾಡಿ, ಗ್ಲೇಜ್ ಓಡುತ್ತದೋ ಇಲ್ಲವೋ ಅದರಲ್ಲೇ ಕಾಣುವುದು. ಅರ್ಧಕ್ಕೆ ಒಮ್ಮೆ ಅದ್ದಿ, ಮೇಲ್ಭಾಗಕ್ಕೆ ಇನ್ನೊಮ್ಮೆ ಅದ್ದಿದರೆ ತೆಳು, ದಪ್ಪ ಎರಡೂ ಒಂದೇ ಬಿಲ್ಲೆಯಲ್ಲಿ ಸಿಗುತ್ತದೆ. ಪ್ರತಿ ಮಿಶ್ರಣ 100 ಗ್ರಾಂ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಬಿಲ್ಲೆಯ ಹಿಂದೆ ಕಬ್ಬಿಣದ ಆಕ್ಸೈಡಿನಿಂದ ನಂಬರ್ ಬರೆಯಿರಿ, ಪೆನ್ಸಿಲ್ ಸುಟ್ಟುಹೋಗುತ್ತದೆ. ಮೂರು ವಸ್ತುಗಳ ಪಾಲನ್ನು ಬೇರೆಬೇರೆ ಮಾಡಿ ನೋಡುವ ತ್ರಿಕೋನ ಪರೀಕ್ಷೆ ಮಾಡುವುದಾದರೆ ಶೇ. 20ರ ಅಂತರದಲ್ಲಿ 21 ಬಿಲ್ಲೆ ಆಗುತ್ತದೆ, ಬೂದಿ, ಗ್ರಾನೈಟ್, ಶೇಡಿಗೆ ಇದು ಮಾಡಲೇಬೇಕಾದ ಕೆಲಸ.


ನುಣ್ಣನೆಮಣ್ಣು, ಹೊನ್ನಾವರ:

ಕೆಂಪು ಮಡಕೆಗೆ ಈ ಗ್ಲೇಜ್ ಆಗದು. ಊರಿನ ಆವಿಗೆಯಲ್ಲಿ ಬೇಯುವುದು 700ರಿಂದ 900ರ ತನಕ, ಆ ಶಾಖಕ್ಕೆ ಸುಣ್ಣ ಏನನ್ನೂ ಕರಗಿಸುವುದಿಲ್ಲ. ಸುಣ್ಣ ಕೆಲಸಕ್ಕೆ ಇಳಿಯುವುದು 1100ರ ನಂತರವೇ. 1240ಕ್ಕೆ ಒಯ್ದರೆ ಗದ್ದೆಯ ಕೆಂಪು ಜೇಡಿ ಉಬ್ಬಿ, ಕುಸಿದು ಶೆಲ್ಫ್ ಮೇಲೆ ಹರಡುತ್ತದೆ. ಕಡಿಮೆ ಶಾಖದ ಗ್ಲೇಜಿಗೆ ಬೋರಾನ್ ಬೇಕು. ಬೋರಾನ್ ಇರುವ ಬಿಳಿಗಾರ ನೇರವಾಗಿ ಹಾಕಿದರೆ ನೀರಿನಲ್ಲಿ ಕರಗಿ ಬಕೆಟ್ಟಿನಲ್ಲಿ ಹರಳಾಗುತ್ತದೆ, ಆದ್ದರಿಂದ ಬೋರಾನ್ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) 85, ಶೇಡಿ 15 ಅಂತ ಶುರು ಮಾಡಿ 1020–1050ಕ್ಕೆ ಸುಡಬೇಕು. ಫ್ರಿಟ್ ಕೊಳ್ಳುವಾಗ ಸೀಸವಿಲ್ಲದ್ದು ಅಂತ ಚೀಟಿಯಲ್ಲಿ ಬರೆದದ್ದು ನೋಡಿ.

ಮೀನು ಸಾರಿನ ಗಡಿಗೆಗೆ ಮಾತ್ರ ಯಾವ ಗ್ಲೇಜೂ ಹಚ್ಚಬೇಡಿ. ಒಲೆಯ ಮೇಲೆ ಒಡೆಯದೆ ನಿಲ್ಲುವುದೇ ಅದರ ಮೈ ಸಡಿಲ ಇರುವುದರಿಂದ. ಅದಕ್ಕೆ ಹೊಳಪು ಬೇಕೆಂದರೆ ನುಣ್ಣನೆಯ ಕೆಮ್ಮಣ್ಣಿನ ಲೇಪ ಇದೆ. 1 ಲೀಟರ್ ನೀರು, 400 ಗ್ರಾಂ ಒಣ ಕೆಂಪು ಜೇಡಿ, 2 ಗ್ರಾಂ ಸೋಡಿಯಂ ಸಿಲಿಕೇಟ್. ಚೆನ್ನಾಗಿ ಕದಡಿ ಗಾಜಿನ ಭರಣಿಯಲ್ಲಿ 20 ಗಂಟೆ ಅಲುಗಾಡಿಸದೆ ಬಿಡಿ. ಮೇಲೆ ತಿಳಿನೀರು, ನಡುವೆ ತೆಳ್ಳನೆಯ ಕೆಂಪು ನೀರು, ತಳದಲ್ಲಿ ಗಟ್ಟಿ ಕೆಸರು ನಿಲ್ಲುತ್ತದೆ. ಮೇಲಿನದನ್ನು ಚೆಲ್ಲಿ, ನಡುವಿನದನ್ನು ಮಾತ್ರ ಕೊಳವೆಯಿಂದ ಎಳೆದುಕೊಳ್ಳಿ. ಹಸಿ ಪಾತ್ರೆ ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಮೂರು ಕೈ ಬಳಿದು, ಮೆತ್ತನೆಯ ಬಟ್ಟೆಯಿಂದ ಉಜ್ಜಿ. 950 ದಾಟಿದರೆ ಹೊಳಪು ಇಳಿಯುತ್ತದೆ.

ಊಟದ ಪಾತ್ರೆಯ ಪರೀಕ್ಷೆಯ ವಿಷಯ ಯಾರೂ ಬರೆದಿಲ್ಲ. ಸುಣ್ಣ ಜಾಸ್ತಿಯಾಗಿ ಸಿಲಿಕಾ ಕಡಿಮೆಯಾದ ಗ್ಲೇಜನ್ನು ಹುಳಿ ತಿನ್ನುತ್ತದೆ. ನಮ್ಮ ಊಟದಲ್ಲಿ ಮುರುಗಲು, ಹುಣಸೆ, ಉಪ್ಪಿನಕಾಯಿ ಇಲ್ಲದ ದಿನವಿಲ್ಲ. ಸುಟ್ಟ ಬಿಲ್ಲೆಯ ಅರ್ಧಭಾಗ ವಿನೆಗರಿನಲ್ಲಿ ಮುಳುಗುವಂತೆ ಒಂದು ಹಗಲು ಒಂದು ರಾತ್ರಿ ಇಡಿ. ತೊಳೆದು ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಳುಗಿದ ಭಾಗ ಮಂಕಾಗಿದ್ದರೆ, ಬಣ್ಣ ತೆಳುವಾಗಿದ್ದರೆ, ಬೆರಳಿಗೆ ಗೆರೆ ತಾಗಿದರೆ ಆ ಗ್ಲೇಜ್ ಊಟಕ್ಕಲ್ಲ. ಪರಿಹಾರ ಸಾಮಾನ್ಯವಾಗಿ ಹೊಟ್ಟಿನ ಬೂದಿ 3–5 ಹೆಚ್ಚಿಸಿ, ಚಿಪ್ಪು 2–3 ಇಳಿಸುವುದು. ಬಲೆ ಸೀಳಿಗೂ ಇದೇ ಮದ್ದು, ಸಿಲಿಕಾ ಹೆಚ್ಚಾದರೆ ಗ್ಲೇಜ್ ಆರುವಾಗ ಕುಗ್ಗುವುದು ಕಡಿಮೆ. ಸೀಳಿದ ಗ್ಲೇಜಿನ ಭರಣಿಯಲ್ಲಿ ಉಪ್ಪಿನಕಾಯಿ ಹಾಕಿದರೆ ಉಪ್ಪುನೀರು ಸೀಳಿನೊಳಗೆ ಇಳಿದು ಹೊರಮೈಯಲ್ಲಿ ಬಿಳಿ ಬೂಸರು ಕಟ್ಟುತ್ತದೆ.

ಜೋಯಿಡಾ, ಯಲ್ಲಾಪುರ ಕಡೆಯ ಮ್ಯಾಂಗನೀಸ್ ಕಲ್ಲನ್ನು ಕಪ್ಪು ಬಣ್ಣಕ್ಕೆ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. ಸುಡುವಾಗ ಅದರ ಹೊಗೆ ವಿಷ, ಊಟದ ಪಾತ್ರೆಯ ಒಳಮೈಗೂ ಸಲ್ಲದು.


ಕಡಲಂಚು, ಕುಮಟಾ:

ಫೆಲ್ಡ್‌ಸ್ಪಾರ್ 40ರ ರೆಸಿಪಿಯಲ್ಲಿ ಬಿಲ್ಲೆಗಳು ಸುಟ್ಟು ಬಂದವು. ಹೊಳಪು ಬಂದಿದೆ, ಚಕ್ಕೆ ಇಲ್ಲ, ವಿನೆಗರಿನಲ್ಲೂ ನಿಂತಿದೆ. ಆದರೆ ದಪ್ಪ ಅದ್ದಿದ ಕಡೆ, ಬಟ್ಟಲಿನ ಒಳಮೂಲೆಯಲ್ಲಿ ಗ್ಲೇಜ್ ಸರಿದು ಮುದುಡಿ ಹನಿಹನಿಯಾಗಿದೆ, ನಡುವೆ ಬರಿಮಣ್ಣು ಕಾಣುತ್ತದೆ. ಸುಡುವ ಮೊದಲೇ ಅಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು.


ಬಚ್ಚಲೊಲೆ, ಶಿರಸಿ:

ಆ ಬಿರುಕೇ ಕಾರಣ. ಹಸಿ ಶೇಡಿ ಒಣಗುವಾಗ ಕುಗ್ಗುತ್ತದೆ, ಹೊಟ್ಟಿನ ಬೂದಿಯೂ ನೀರು ಜಾಸ್ತಿ ಹೀರಿ ಪದರವನ್ನು ದಪ್ಪ ಮಾಡುತ್ತದೆ. ಬಿರುಕಿನ ಅಂಚು ಮೇಲೆದ್ದಿದ್ದರೆ ಕರಗಿದಾಗ ಎರಡೂ ಬದಿ ಹಿಂದಕ್ಕೆ ಸರಿಯುತ್ತದೆ. ಶೇಡಿಯಲ್ಲಿ ಅರ್ಧವನ್ನು ಬಟ್ಟಲಿನಲ್ಲಿ ಹಾಕಿ ಬಿಸ್ಕ್ ಜೊತೆ ಸುಟ್ಟುಕೊಳ್ಳಿ. ಸುಟ್ಟಾಗ ಶೇ. 12–14 ತೂಕ ಇಳಿಯುತ್ತದೆ, ಹಾಗಾಗಿ 13ರ ಬದಲು ಹಸಿ ಶೇಡಿ 6.5, ಸುಟ್ಟ ಶೇಡಿ 5.6. ಪೂರ್ತಿ ಸುಟ್ಟದ್ದನ್ನೇ ಹಾಕಬೇಡಿ, ಬಕೆಟ್ಟಿನ ತಳಕ್ಕೆ ಕಲ್ಲಾಗಿ ಕೂರುತ್ತದೆ.

ದಪ್ಪವನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. 100 ಮಿ.ಲೀ. ಗ್ಲೇಜ್ ಅಳೆದು ತೂಗಿ, 140–142 ಗ್ರಾಂ ಇರಬೇಕು. ಅದಕ್ಕಿಂತ ಭಾರವಾದರೆ ನೀರು ಸೇರಿಸಿ. ಮೂರು ಎಣಿಸುವಷ್ಟು ಹೊತ್ತು ಅದ್ದಿದರೆ ಸಾಕು, ಒಳಮೂಲೆಯಲ್ಲಿ ನಿಂತ ಹನಿಯನ್ನು ಒದ್ದೆ ಬ್ರಷ್ಷಿನಿಂದ ಎಳೆದುಬಿಡಿ. ಒಣಗಿದ ಮೇಲೆ ಬಿರುಕು ಕಂಡರೆ ಬೆರಳಿನಿಂದ ಉಜ್ಜಿ ಮುಚ್ಚಿ. ಪದರ ಪುಡಿಪುಡಿಯಾಗಿದ್ದರೆ ತೊಳೆದು, ಬಿಸ್ಕ್ ಪೂರ್ತಿ ಒಣಗಿದ ಮೇಲೆ ಮತ್ತೆ ಅದ್ದಿ. ಮಳೆಗಾಲದಲ್ಲಿ ತೊಳೆದ ಬಿಸ್ಕ್ ಗಾಳಿಗೆ ಒಣಗಲಿಲ್ಲವೆಂದರೆ ಕಿಲ್ನಿನಲ್ಲಿ 100 ಡಿಗ್ರಿಗೆ ಎರಡು ಗಂಟೆ ಇಟ್ಟು, ತಣಿಸಿ, ಆಮೇಲೆ ಅದ್ದಿ.